ಏಳನೆಯ ಸ್ಥಾನದ ಜಾಡು ಹಿಡಿದು

1996ರ ಅಕ್ಟೋಬರ್ 10ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಆಸ್ಟ್ರೇಲಿಯಾ ಎದುರು ಟೆಸ್ಟ್ ಆಡಲು ಇಳಿದ ಭಾರತದ ಹನ್ನೊಂದು ಮಂದಿಯಲ್ಲಿ ಐವರು ಕರ್ನಾಟಕದವರು. ರಾಹುಲ್ ದ್ರಾವಿಡ್, ಸುನಿಲ್ ಜೋಶಿ, ಅನಿಲ್ ಕುಂಬ್ಳೆ, ವೆಂಕಟೇಶ್ ಪ್ರಸಾದ್, ಡೇವಿಡ್ ಜಾನ್ಸನ್. ಕೊನೆಯವರು 1971ರಲ್ಲಿ ಹುಟ್ಟಿದ್ದು ನಮ್ಮ ಅರಸೀಕೆರೆಯಲ್ಲಿ. ಅಂದು ಅವರಿಗೆ ಜಾಗ ಸಿಕ್ಕಿದ್ದು ಗಾಯಗೊಂಡಿದ್ದ ಶ್ರೀನಾಥ್ ಬದಲಿಗೆ. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ, ಆದರೆ ಹೆಸರಿನ ಮುಂದಿರುವ ಜಾವಗಲ್ ಇದೇ ಅರಸೀಕೆರೆ ತಾಲ್ಲೂಕಿನ ಊರು. ಗಂಡಸಿಯಲ್ಲಿ ಕುಳಿತು ತಾಲ್ಲೂಕಿನ ಕ್ರಿಕೆಟ್ ಕಾಗದಪತ್ರ ಕೂಡಿಹಾಕುವ ನನ್ನಂಥವನಿಗೆ ಈ ಒಂದು ಸ್ಕೋರ್‌ಕಾರ್ಡ್ ಸಾಕಷ್ಟು ದೊಡ್ಡ ಆಸ್ತಿ.

ಜಾನ್ಸನ್ ಅವರ ಮೊದಲ ಟೆಸ್ಟ್ ಬಲಿ ಮೈಕೆಲ್ ಸ್ಲೇಟರ್, ಕ್ಯಾಚ್ ಹಿಡಿದವರು ಅಜರುದ್ದೀನ್. ಪಂದ್ಯವನ್ನು ಭಾರತ 7 ವಿಕೆಟ್‌ಗಳಿಂದ ಗೆದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಡರ್ಬನ್‌ನಲ್ಲಿ ಇನ್ನೊಂದು ಟೆಸ್ಟ್ ಆಡಿದರು. ಅಲ್ಲಿಗೆ ಅವರ ಟೆಸ್ಟ್ ಬದುಕು ಮುಗಿಯಿತು: ಎರಡು ಪಂದ್ಯ, ಮೂರು ವಿಕೆಟ್. 2024ರ ಜೂನ್ 20ರಂದು ಅವರು ತೀರಿಕೊಂಡರು. ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಒಂದು ಕಡೆ ಇಡಬೇಕೆಂದು ಹೊರಟಾಗ ಒಂದು ಪ್ರಶ್ನೆ ಎದುರಾಯಿತು. ಕೋಟ್ಲಾದ ಆ ಐವರು ಮುಂದೆ ಎಲ್ಲಿಗೆ ಹೋದರು? ಒಬ್ಬೊಬ್ಬರದೇ ಜಾಡು ಹಿಡಿದು ಮುಂದಕ್ಕೆ ಬಂದೆ. ನಾಲ್ವರ ಹಾದಿ 2008ರ ಬೇಸಿಗೆಯಲ್ಲಿ ಒಂದೇ ಕಡೆ ಬಂದು ಸೇರಿತು. ದ್ರಾವಿಡ್ ನಾಯಕ, ಕುಂಬ್ಳೆ ಮತ್ತು ಜೋಶಿ ಆಟಗಾರರು, ಪ್ರಸಾದ್ ಕೋಚ್. ತಂಡ ರಾಯಲ್ ಚಾಲೆಂಜರ್ಸ್ ಬೆಂಗಳೂರು. ಐಪಿಎಲ್‌ನ ಆ ಮೊದಲ ಋತುವಿನಲ್ಲಿ ಅದು ಆಡಿದ 14 ಪಂದ್ಯಗಳಲ್ಲಿ ಗೆದ್ದದ್ದು 4, ಸೋತದ್ದು 10. ಎಂಟು ತಂಡಗಳಲ್ಲಿ ಏಳನೆಯದು. ಐದನೆಯವರಾದ ನಮ್ಮ ಜಾನ್ಸನ್‌ಗೆ ಆಗ 36 ವರ್ಷ, ಅವರ ಆಟ ಅಷ್ಟು ಹೊತ್ತಿಗೆ ಮುಗಿದಿತ್ತು. ದೊಡ್ಡ ದುಡ್ಡಿನ ಕಾಲ ಅವರ ಪಾಲಿಗೆ ತಡವಾಗಿ ಬಂತು.

ಆ ಋತುವಿನ ಬಗ್ಗೆ ಕರ್ನಾಟಕದಲ್ಲಿ ಒಂದು ತೀರ್ಪು ಅಂದೇ ಆಗಿಹೋಗಿದೆ. ಮುದುಕರ ತಂಡ ಕಟ್ಟಿದರು, ಟೆಸ್ಟ್ ಆಡುವವರನ್ನು ತಂದು ಇಪ್ಪತ್ತು ಓವರಿನ ಆಟಕ್ಕೆ ಬಿಟ್ಟರು, ಸೋತರು ಎಂಬ ತೀರ್ಪು. ನಮ್ಮ ಗಂಡಸಿ ಹ್ಯಾಂಡ್‌ಪೋಸ್ಟ್‌ನ ಟೀ ಅಂಗಡಿಗಳಲ್ಲಿ ಇವತ್ತಿಗೂ ಇದೇ ಮಾತು. ಹದಿನಾಲ್ಕು ಪಂದ್ಯಗಳ ಸ್ಕೋರ್‌ಕಾರ್ಡನ್ನೂ ಸಾಲಾಗಿ ಹರಡಿಕೊಂಡು ಓದಿದ ಮೇಲೆ ನನಗೆ ಆ ತೀರ್ಪು ನಿಲ್ಲುವುದಿಲ್ಲ ಎನಿಸಿದೆ. ಹಾಗೇಕೆ ಎಂದು ಹೇಳಲು ಮೊದಲ ಕಾರ್ಡಿನಿಂದಲೇ ಶುರುಮಾಡಬೇಕು.

2008ರ ಏಪ್ರಿಲ್ 18, ಚಿನ್ನಸ್ವಾಮಿ ಕ್ರೀಡಾಂಗಣ. ಟಾಸ್ ಗೆದ್ದ ದ್ರಾವಿಡ್ ಫೀಲ್ಡಿಂಗ್ ಆಯ್ದುಕೊಂಡರು. ಪ್ರವೀಣ್ ಕುಮಾರ್ ಎಸೆದ ಮೊದಲ ಚೆಂಡನ್ನು ಎದುರಿಸಿದವರು ಸೌರವ್ ಗಂಗೂಲಿ, ಐಪಿಎಲ್‌ನ ಮೊಟ್ಟಮೊದಲ ರನ್ ಬಂದದ್ದು ಲೆಗ್‌ಬೈ ಆಗಿ. ಇನ್ನೊಂದು ತುದಿಯಲ್ಲಿದ್ದ ಬ್ರೆಂಡನ್ ಮೆಕಲಮ್ 73 ಎಸೆತಗಳಲ್ಲಿ 158 ರನ್ ಬಾರಿಸಿ ಔಟಾಗದೆ ಉಳಿದರು, 10 ಬೌಂಡರಿ, 13 ಸಿಕ್ಸರ್. ಕೋಲ್ಕತ್ತ 3 ವಿಕೆಟ್‌ಗೆ 222. ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾರ್ಡಿನ ಎರಡನೆಯ ಅರ್ಧ.

ದ್ರಾವಿಡ್ 2, ಜಾಫರ್ 6, ಕೊಹ್ಲಿ 1, ಕಾಲಿಸ್ 8, ವೈಟ್ 6, ಬೌಚರ್ 7, ಅಖಿಲ್ 0, ನಾಫ್ಕೆ 9, ಪ್ರವೀಣ್ ಕುಮಾರ್ ಔಟಾಗದೆ 18, ಜಹೀರ್ 3, ಜೋಶಿ 3. ಇದನ್ನೆಲ್ಲ ಕೂಡಿದರೆ 63. ಇತರೆ 19. ಒಟ್ಟು 82, ಅದೂ 15.1 ಓವರ್‌ಗಳಲ್ಲಿ. ಎರಡಂಕಿ ಮುಟ್ಟಿದವರು ಒಬ್ಬರೇ, ಅವರಿಗಿಂತಲೂ ಹೆಚ್ಚು ಕೊಟ್ಟದ್ದು ಎದುರಾಳಿಗಳ ವೈಡು, ಲೆಗ್‌ಬೈಗಳ ಲೆಕ್ಕ. ಮೆಕಲಮ್ ಒಬ್ಬರೇ ಆಡಿದ್ದರೂ ಬೆಂಗಳೂರು 76 ರನ್‌ಗಳಿಂದ ಸೋಲುತ್ತಿತ್ತು. ಸೋಲಿನ ಅಂತರ 140.

ಇದೇ ಕಾರ್ಡಿನಲ್ಲಿ ವಯಸ್ಸಿನ ವಾದಕ್ಕೆ ಮೊದಲ ಪೆಟ್ಟು ಬೀಳುತ್ತದೆ. ಒಂದು ರನ್ನಿಗೆ ಔಟಾದ ಹುಡುಗ ಹತ್ತೊಂಬತ್ತರವನು, ಏಳು ವಾರ ಹಿಂದಷ್ಟೇ ಕ್ವಾಲಾಲಂಪುರದಲ್ಲಿ ಹತ್ತೊಂಬತ್ತರೊಳಗಿನವರ ವಿಶ್ವಕಪ್ ಗೆದ್ದು ಬಂದ ನಾಯಕ. ಆ ರಾತ್ರಿ ಹಿರಿಯರು ಹೇಗೆ ಬಿದ್ದರೋ ಕಿರಿಯರೂ ಹಾಗೆಯೇ ಬಿದ್ದರು. ಕುಂಬ್ಳೆ ಆ ಪಂದ್ಯ ಆಡಿರಲೇ ಇಲ್ಲ.

ಕಾರ್ಡಿನ ಬುಡಕ್ಕೆ ಯಾರೂ ಕಣ್ಣು ಹಾಯಿಸುವುದಿಲ್ಲ. ಅಲ್ಲಿ ಅಂಪೈರುಗಳ ಹೆಸರಿರುತ್ತದೆ: ಅಸದ್ ರೌಫ್, ರೂಡಿ ಕರ್ಟ್ಜನ್. ಅದರ ಪಕ್ಕದಲ್ಲಿ ಮ್ಯಾಚ್ ರೆಫರಿ ಹೆಸರು: ಜಾವಗಲ್ ಶ್ರೀನಾಥ್. ಕೋಟ್ಲಾದಲ್ಲಿ ಆಡಬೇಕಾಗಿದ್ದು ಆಡದೆ ಉಳಿದವರು ಚಿನ್ನಸ್ವಾಮಿಯಲ್ಲಿ ಹಳೆಯ ಜೊತೆಗಾರರ ಸೋಲನ್ನು ದಾಖಲೆಗೆ ಏರಿಸುವ ಕುರ್ಚಿಯಲ್ಲಿದ್ದರು. ಜಗತ್ತಿನ ಅತಿ ಶ್ರೀಮಂತ ಕ್ರಿಕೆಟ್ ಲೀಗಿನ ಮೊದಲ ಸ್ಕೋರ್‌ಕಾರ್ಡಿನಲ್ಲಿ ನಮ್ಮ ತಾಲ್ಲೂಕಿನ ಒಂದು ಊರಿನ ಹೆಸರಿದೆ ಎಂಬುದು ನಮ್ಮೂರಿನ ಶಾಲೆಯ ಮಕ್ಕಳಿಗೆ ಗೊತ್ತಿರಬೇಕು ಎಂದು ನನಗೆ ತೀವ್ರವಾಗಿ ಅನಿಸುತ್ತದೆ.

ಇನ್ನುಳಿದ ಹದಿಮೂರು ಪಂದ್ಯಗಳನ್ನು ಪತ್ರಿಕೆಗಳಲ್ಲಿ ಹುಡುಕುವುದು ಸುಲಭವಲ್ಲ. ಕಾರಣ ಚುನಾವಣೆ. 2008ರ ಮೇ 10, 16 ಮತ್ತು 22ರಂದು ಕರ್ನಾಟಕ ವಿಧಾನಸಭೆಗೆ ಮತದಾನ ನಡೆಯಿತು. ಗ್ರಂಥಾಲಯದಲ್ಲಿ ಆ ತಿಂಗಳ ಪತ್ರಿಕೆಗಳ ಬೈಂಡು ತೆರೆದರೆ ಟಿಕೆಟ್, ಬಂಡಾಯ, ಮತಪ್ರಮಾಣಗಳ ಮಧ್ಯೆ ಕ್ರಿಕೆಟ್ ಹಿಂದಿನ ಪುಟಗಳಿಗೆ ಸರಿದಿರುತ್ತದೆ. ಎಣಿಕೆ ನಡೆದದ್ದು ಮೇ 25ರ ಭಾನುವಾರ. ಬಿಜೆಪಿ 110 ಸ್ಥಾನ ಗೆದ್ದು ದಕ್ಷಿಣ ಭಾರತದಲ್ಲಿ ಮೊದಲ ಬಾರಿಗೆ ಸ್ವಂತ ಸರ್ಕಾರದ ಬಾಗಿಲಿಗೆ ಬಂದ ದಿನ. ಅದೇ ದಿನ ಹೈದರಾಬಾದಿನಲ್ಲಿ ಬೆಂಗಳೂರು ತಂಡ ಡೆಕ್ಕನ್ ಚಾರ್ಜರ್ಸ್ ಮೇಲೆ 5 ವಿಕೆಟ್‌ಗಳಿಂದ ಗೆದ್ದಿತು. ದಾವಣಗೆರೆಯ ಹುಡುಗ ವಿನಯ್ ಕುಮಾರ್ ಒಳ್ಳೆಯ ಬೌಲಿಂಗ್ ಮಾಡಿದ ಪಂದ್ಯ. ಮರುದಿನದ ಮುಖಪುಟದಲ್ಲಿ ಅದಕ್ಕೆ ಎಲ್ಲಿಯ ಜಾಗ! ಸೋತ ತಂಡದ ಸೋಲುಗಳೆಲ್ಲ ಜನರ ನೆನಪಿನಲ್ಲಿ ಉಳಿದು ಗೆಲುವುಗಳು ಅಳಿಸಿಹೋದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ನಾಲ್ಕು ಗೆಲುವುಗಳು ಯಾವುವು ಎಂದು ಬರೆದುಕೊಂಡಾಗ ಈ ಹುಡುಕಾಟದ ಮುಖ್ಯ ಸಂಗತಿ ಕಣ್ಣಿಗೆ ಬಿತ್ತು. ಏಪ್ರಿಲ್ 20ರಂದು ಮುಂಬೈನಲ್ಲಿ ಮುಂಬೈ ಮೇಲೆ 5 ವಿಕೆಟ್. ಮೇ 3ರಂದು ಬೆಂಗಳೂರಿನಲ್ಲಿ ಡೆಕ್ಕನ್ ಮೇಲೆ 3 ರನ್. ಮೇ 21ರಂದು ಚೆನ್ನೈನಲ್ಲಿ ಚೆನ್ನೈ ಮೇಲೆ 14 ರನ್. ಆಮೇಲೆ ಹೈದರಾಬಾದ್. ಹೊರಗಡೆ ಏಳರಲ್ಲಿ ಮೂರು ಗೆಲುವು, ತವರಿನಲ್ಲಿ ಏಳರಲ್ಲಿ ಒಂದೇ ಒಂದು. ಮುಂಬೈನ ವಾಂಖೆಡೆ, ಚೆನ್ನೈನ ಚೆಪಾಕ್ ಎರಡರಲ್ಲೂ ಆತಿಥೇಯರನ್ನೇ ಸೋಲಿಸಿದ ತಂಡ ತನ್ನ ಮನೆಯಲ್ಲಿ ಕೋಲ್ಕತ್ತ, ರಾಜಸ್ಥಾನ, ಚೆನ್ನೈ, ಪಂಜಾಬ್, ದೆಹಲಿ, ಮುಂಬೈ ಆರಕ್ಕೂ ಶರಣಾಯಿತು.

ವಯಸ್ಸಾದವರು ಎಂಬ ಕಾರಣಕ್ಕೆ ಸೋತಿದ್ದರೆ ಮುಂಬೈನ ಸೆಕೆಯಲ್ಲೂ ಚೆನ್ನೈನ ಬಿಸಿಲಿನಲ್ಲೂ ಸೋಲಬೇಕಿತ್ತು, ಬೆಂಗಳೂರಿನ ತಂಪಿನಲ್ಲಿ ಆಡಿ ಉಳಿಯಬೇಕಿತ್ತು. ದಾಖಲೆ ಅದಕ್ಕೆ ತದ್ವಿರುದ್ಧ. ಚಿನ್ನಸ್ವಾಮಿ ಚಿಕ್ಕ ಮೈದಾನ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು, ಚೆಂಡು ಹಗುರವಾಗಿ ದೂರ ಹಾರುತ್ತದೆ. ಇಲ್ಲಿ 126 ರನ್ ಸಾಲದು. ಚೆಪಾಕ್‌ನ ನಿಧಾನದ ಪಿಚ್‌ನಲ್ಲಿ ಅಷ್ಟೇ 126 ರನ್ ಮಾಡಿ, ಚೆನ್ನೈಯನ್ನು 112ಕ್ಕೆ ತಡೆದು ಇದೇ ತಂಡ ಗೆದ್ದಿತು. ಆ ಆಟಗಾರರ ಆಟ ಬೇರೆ ಬಗೆಯ ನೆಲಕ್ಕೆ ಹೊಂದುವಂಥದ್ದಾಗಿತ್ತು. ತಂಡವನ್ನು ಕೊಂಡುಕೊಳ್ಳುವಾಗ ಹೆಸರುಗಳನ್ನು ನೋಡಿದರು, ತಾವು ಏಳು ಪಂದ್ಯ ಆಡಬೇಕಾದ ಅಂಗಳವನ್ನು ನೋಡಲಿಲ್ಲ. ತಪ್ಪು ಆಗಿದ್ದರೆ ಅಲ್ಲಿ ಆಗಿದೆ ಎಂದು ನನ್ನ ಅಭಿಪ್ರಾಯ.

ಕೊಂಡುಕೊಂಡ ಲೆಕ್ಕವೂ ದಾಖಲೆಯಲ್ಲಿದೆ. 2008ರ ಜನವರಿಯಲ್ಲಿ ವಿಜಯ್ ಮಲ್ಯ ಬೆಂಗಳೂರು ತಂಡಕ್ಕೆ ಕೊಟ್ಟ ಬೆಲೆ 11.16 ಕೋಟಿ ಡಾಲರ್. ಅದಕ್ಕಿಂತ ದುಬಾರಿಯಾಗಿದ್ದು ಮುಂಬೈ ಒಂದೇ. ಫೆಬ್ರವರಿ 20ರ ಹರಾಜಿನಲ್ಲಿ ಈ ತಂಡ ಹೆಚ್ಚು ಬೆಲೆ ಕೊಟ್ಟದ್ದು ಜಾಕ್ ಕಾಲಿಸ್‌ಗೆ, 9 ಲಕ್ಷ ಡಾಲರ್. ಹರಾಜಿಗೆ ಇಡದೆ ತವರು ತಂಡಕ್ಕೇ ಉಳಿಸಿದ ಐಕಾನ್ ಆಟಗಾರನಿಗೆ ತಂಡದ ಅತ್ಯಧಿಕ ಬೆಲೆಗಿಂತ ಶೇಕಡ 15 ಹೆಚ್ಚು ಕೊಡಬೇಕೆಂದು ನಿಯಮವಿತ್ತು. ದ್ರಾವಿಡ್‌ಗೆ ಹಾಗೆ ಬಂದದ್ದು 10 ಲಕ್ಷದ 35 ಸಾವಿರ ಡಾಲರ್. ಕೋಟ್ಲಾದ ಸ್ಕೋರ್‌ಕಾರ್ಡನ್ನೂ ಈ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹನ್ನೆರಡು ವರ್ಷದಲ್ಲಿ ಆಟ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಬೇರೆ ಯಾರೂ ವಿವರಿಸಬೇಕಿಲ್ಲ.

ಆ ಬೆಲೆಗೆ ತಕ್ಕ ಕೋಪವೂ ಬಂತು. ಮಾಲೀಕರು ಆಯ್ಕೆಯ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ಹೇಳಿಕೊಂಡರು. ಟೂರ್ನಿ ಅರ್ಧ ಮುಗಿಯುವ ಹೊತ್ತಿಗೆ ಸಿಇಒ ಚಾರು ಶರ್ಮಾ ಹೊರಹೋದರು, ಬ್ರಿಜೇಶ್ ಪಟೇಲ್ ಆ ಜಾಗಕ್ಕೆ ಬಂದರು. ಎಲ್ಲರ ಬೆರಳು ದ್ರಾವಿಡ್ ಕಡೆಗೆ. ಋತುವಿನ ಕೊನೆಯಲ್ಲಿ ತಂಡದ ಪರ ಅತಿ ಹೆಚ್ಚು ರನ್ ಗಳಿಸಿದವರು ಯಾರೆಂದು ನೋಡಿದೆ. 371 ರನ್‌ಗಳೊಂದಿಗೆ ದ್ರಾವಿಡ್ ಅವರೇ. ಕೊಹ್ಲಿಯದು 165. ಜೈಪುರದಲ್ಲಿ ರಾಜಸ್ಥಾನದ ಎದುರು ತಂಡ 65 ರನ್‌ಗಳಿಂದ ಸೋತ ರಾತ್ರಿ ಔಟಾಗದೆ 75 ಬಾರಿಸಿದವರೂ ದ್ರಾವಿಡ್. ಟೆಸ್ಟ್ ಆಡುವವನು ಎಂದು ಬೈಸಿಕೊಂಡ ಮನುಷ್ಯನೇ ಆ ತಂಡದಲ್ಲಿ ಇಪ್ಪತ್ತು ಓವರಿನ ಆಟವನ್ನು ಎಲ್ಲರಿಗಿಂತ ಹೆಚ್ಚು ಆಡಿದ್ದು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಇನ್ನೊಂದು ಲೆಕ್ಕ ಮಾಡಿ ನೋಡಿದೆ. ಹತ್ತು ಸೋಲುಗಳಲ್ಲಿ ಮೂರು ಕೂದಲೆಳೆಯವು. ಚೆನ್ನೈ ಎದುರು 13 ರನ್, ದೆಹಲಿ ಎದುರು 10 ರನ್, ಕೋಲ್ಕತ್ತದಲ್ಲಿ ಮಳೆಯಿಂದ 16 ಓವರಿಗೆ ಇಳಿದ ಪಂದ್ಯದಲ್ಲಿ 5 ರನ್. ಮೂರೂ ಸೇರಿ 28 ರನ್. ಆ ಮೂರು ಈ ಕಡೆಗೆ ವಾಲಿದ್ದರೆ ಬೆಂಗಳೂರಿಗೆ ಏಳು ಗೆಲುವು, 14 ಅಂಕ. ಸೋತ ಚೆನ್ನೈ 16ರಿಂದ 14ಕ್ಕೆ, ದೆಹಲಿ 15ರಿಂದ 13ಕ್ಕೆ, ಕೋಲ್ಕತ್ತ 13ರಿಂದ 11ಕ್ಕೆ ಇಳಿಯುತ್ತಿದ್ದವು. ಮುಂಬೈ ಹೇಗೂ 14ರಲ್ಲಿತ್ತು. ಅಂದರೆ ಸೆಮಿಫೈನಲ್‌ನ ಕೊನೆಯ ಎರಡು ಜಾಗಕ್ಕೆ ಬೆಂಗಳೂರು, ಚೆನ್ನೈ, ಮುಂಬೈ ಸಮ ಅಂಕದಲ್ಲಿ ನಿಲ್ಲುತ್ತಿದ್ದವು. ಆಗ ನೆಟ್ ರನ್‌ರೇಟ್ ಲೆಕ್ಕಕ್ಕೆ ಬರುತ್ತದೆ, ಮೊದಲ ದಿನದ ಆ 140 ರನ್‌ಗಳ ಸೋಲು ಅಲ್ಲಿ ಮತ್ತೆ ಎದುರು ನಿಲ್ಲುತ್ತದೆ. ಏಳನೆಯ ಸ್ಥಾನಕ್ಕೂ ನಾಲ್ಕನೆಯ ಸ್ಥಾನದ ಪೈಪೋಟಿಗೂ ಇದ್ದ ದೂರ ಇಷ್ಟೇ ಎಂದು ಅಂಕಪಟ್ಟಿ ಯಾರಿಗೂ ಹೇಳುವುದಿಲ್ಲ.

ಮೊದಲ ಪಂದ್ಯದ ಸೋಲು ನನ್ನನ್ನು ಇನ್ನೂ ಹಿಂದಕ್ಕೆ ಕರೆದೊಯ್ದಿತು. ಈ ನಾಡಿನ ತಂಡ ಇದಕ್ಕೆ ಮುಂಚೆ ಇಂಥದ್ದೇ ಒಂದು ಉದ್ಘಾಟನೆಯಲ್ಲಿ ನಿಂತಿತ್ತು. 1934ರ ನವೆಂಬರ್ 4, ಮದರಾಸಿನ ಚೆಪಾಕ್. ಮುಂದೆ ರಣಜಿ ಟ್ರೋಫಿ ಎಂದು ಹೆಸರಾದ ಚಾಂಪಿಯನ್‌ಷಿಪ್‌ನ ಮೊಟ್ಟಮೊದಲ ಪಂದ್ಯ, ಮದರಾಸು ಮತ್ತು ಮೈಸೂರು ನಡುವೆ. ಎಂ. ಜೆ. ಗೋಪಾಲನ್ ಎಸೆದ ಮೊದಲ ಚೆಂಡನ್ನು ಎದುರಿಸಿದವರು ಮೈಸೂರಿನ ಎನ್. ಕರ್ಟಿಸ್. ಮೈಸೂರು 48ಕ್ಕೆ ಆಲೌಟ್. ಮದರಾಸು 130. ಮತ್ತೆ ಮೈಸೂರು 59. ಎ. ಜಿ. ರಾಮ್‌ಸಿಂಗ್ ಎರಡೂ ಇನಿಂಗ್ಸ್ ಸೇರಿ 35 ರನ್ ಕೊಟ್ಟು 11 ವಿಕೆಟ್ ಕಿತ್ತರು. ಇನಿಂಗ್ಸ್ ಮತ್ತು 23 ರನ್‌ಗಳ ಸೋಲು, ಎಲ್ಲವೂ ಸೂರ್ಯ ಮುಳುಗುವುದರೊಳಗೆ. ಸೋತವರು ಹೊರಗೆ ಎಂಬ ನಾಕೌಟ್ ಪದ್ಧತಿ ಆಗ ಇದ್ದದ್ದರಿಂದ ಮೈಸೂರಿನ ಇಡೀ ಋತು ಆ ಒಂದು ದಿನದಲ್ಲೇ ಮುಗಿಯಿತು.

ಭಾರತದ ಎರಡು ದೊಡ್ಡ ದೇಶೀಯ ಪಂದ್ಯಾವಳಿಗಳ ಬಾಗಿಲು ತೆರೆದಾಗ ಎರಡು ಸಲವೂ ಒಳಗೆ ಮೊದಲು ಕಾಲಿಟ್ಟವರು ನಾವು, ಎರಡು ಸಲವೂ ನೆಲಕ್ಕೆ ಬಿದ್ದವರೂ ನಾವು. 74 ವರ್ಷಗಳ ಅಂತರದ ಈ ಎರಡು ಸ್ಕೋರ್‌ಕಾರ್ಡು ಮೇಜಿನ ಮೇಲೆ ಜೊತೆಯಾದ ಸಂಜೆ ನಾನು ಬಹಳ ಹೊತ್ತು ಬೇರೆ ಕೆಲಸ ಮಾಡಲಾರದೆ ಹೋದೆ.

ಮೈಸೂರಿನ ಮುಂದಿನ ಕಥೆಯನ್ನೂ ನೋಡಬೇಕು. 1941–42ರಲ್ಲಿ ಮೊದಲ ಸಲ ಫೈನಲ್ ತಲುಪಿದ ತಂಡ ಬಾಂಬೆ ಎದುರು ಇನಿಂಗ್ಸ್ ಮತ್ತು 281 ರನ್‌ಗಳಿಂದ ಸೋತಿತು. ಟ್ರೋಫಿ ಕೈಗೆ ಬರಲು 1973–74ರವರೆಗೆ ಕಾಯಬೇಕಾಯಿತು. ಸತತ ಹದಿನೈದು ಸಲ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ತಡೆದು, ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ಪ್ರಸನ್ನ ಅವರ ನಾಯಕತ್ವದ ತಂಡ ಕಪ್ ತಂದಿತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೊದಲ ಋತುವದು. ಆ ತಂಡದ ಬ್ಯಾಟ್ಸ್‌ಮನ್ ಬ್ರಿಜೇಶ್ ಪಟೇಲ್. 2008ರ ಮೇ ತಿಂಗಳಲ್ಲಿ ಸೋಲುತ್ತಿದ್ದ ತಂಡವನ್ನು ನೋಡಿಕೊಳ್ಳಲು ಕರೆಸಿಕೊಂಡದ್ದು ಇದೇ ಪಟೇಲರನ್ನು. ನಲವತ್ತು ವರ್ಷ ಕಾದು ಗೆದ್ದ ಪರಂಪರೆಯವರ ಮುಂದೆ ನಲವತ್ತು ದಿನದಲ್ಲಿ ಫಲ ಕೇಳುವ ಮಾಲೀಕರು ನಿಂತಿದ್ದರು.

ಸೋತ ಋತುವನ್ನು ಗೌರವದಿಂದ ಓದುವುದು ಹೇಗೆಂದು ನಾನು ಕಲಿತದ್ದು ಅಮೆರಿಕದ ಬೇಸ್‌ಬಾಲ್ ಸಂಶೋಧಕರಿಂದ. ಅಲ್ಲಿ ಆಟದ ಅಂಕಿಅಂಶಕ್ಕೆ ತಳಪಾಯ ಹಾಕಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಮೊದಲು ಕ್ರಿಕೆಟ್ ವರದಿಗಾರ. ಕ್ರಿಕೆಟ್ ಸ್ಕೋರ್‌ಕಾರ್ಡನ್ನು ಮಾದರಿಯಾಗಿಟ್ಟುಕೊಂಡೇ ಅವರು ಬೇಸ್‌ಬಾಲ್‌ನ ಸ್ಕೋರ್ ಪಟ್ಟಿಯನ್ನು ರೂಪಿಸಿದರು. ಆ ಆಟದ ಸೋಲುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ನ್ಯೂಯಾರ್ಕ್ ಮೆಟ್ಸ್ ತಂಡದ 1962ರ ಋತು. ಅದೂ ತಂಡದ ಮೊದಲ ವರ್ಷ. ಮೊದಲ ಒಂಬತ್ತು ಪಂದ್ಯ ಸತತವಾಗಿ ಸೋತು, ಕೊನೆಗೆ 160ರಲ್ಲಿ 120 ಸೋತರು. ಅದನ್ನು ನಡೆಸುತ್ತಿದ್ದವರು ಕೇಸಿ ಸ್ಟೆಂಗೆಲ್, ಹಿಂದೆ ಯಾಂಕೀಸ್ ತಂಡಕ್ಕೆ ಏಳು ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ ಹಿರಿಯ. ಆ 120 ಸೋಲುಗಳನ್ನೂ ಪಂದ್ಯ ಪಂದ್ಯವಾಗಿ, ಇನಿಂಗ್ಸ್ ಇನಿಂಗ್ಸಾಗಿ ಇವತ್ತು ಯಾರು ಬೇಕಾದರೂ ತೆರೆದು ನೋಡಬಹುದು. 1969ರಲ್ಲಿ ಅದೇ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ನಮ್ಮಲ್ಲಿ ಗೆದ್ದ ವರ್ಷಕ್ಕೆ ಪುಸ್ತಕ ಬರುತ್ತದೆ, ಸೋತ ವರ್ಷದ ಕಾಗದ ರದ್ದಿಗೆ ಹೋಗುತ್ತದೆ. 1934ರ ಮೈಸೂರು ತಂಡದ ಹನ್ನೊಂದು ಮಂದಿಯ ಬದುಕನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕು.

ಸ್ಥಾನದ ಲೆಕ್ಕದಲ್ಲಿ 2008ಕ್ಕಿಂತ ಕೆಟ್ಟ ಋತು ಬೆಂಗಳೂರಿಗೆ ಮುಂದೆಯೂ ಬಂತು. 2017ರಲ್ಲಿ ಮೂರೇ ಗೆಲುವು, ಕೊನೆಯ ಸ್ಥಾನ, ಏಪ್ರಿಲ್ 23ರಂದು ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್. 2019ರಲ್ಲಿ ಮೊದಲ ಆರು ಪಂದ್ಯ ಸಾಲಾಗಿ ಸೋತು ಮತ್ತೆ ಕೊನೆಯ ಸ್ಥಾನ. ಆ ತಂಡಗಳಲ್ಲಿ ಕನ್ನಡಿಗರು ಬೆರಳೆಣಿಕೆಯಷ್ಟು. 2008ರ ತಂಡದಲ್ಲಿ ದ್ರಾವಿಡ್, ಕುಂಬ್ಳೆ, ಜೋಶಿ, ವಿನಯ್ ಕುಮಾರ್, ಬಿ. ಅಖಿಲ್, ಜೆ. ಅರುಣ್‌ಕುಮಾರ್ ಇದ್ದರು, ಕೋಚ್ ಪ್ರಸಾದ್ ಇದ್ದರು. ಸೋತರೂ ಅದು ರಣಜಿ ಆಡಿ ಬಂದ ನಮ್ಮವರ ಸೋಲು. ಆ ಋತುವನ್ನೇ ಹಿಡಿದು ಕೂರಲು ನನಗೆ ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಬೆಂಗಳೂರು ಕೊನೆಗೂ ಕಪ್ ಎತ್ತಿತು. ಮೊದಲ ದಿನ ಒಂದು ರನ್ನಿಗೆ ಔಟಾದ ಕೊಹ್ಲಿ ಹದಿನೆಂಟನೆಯ ಋತುವಿನಲ್ಲೂ ಆ ತಂಡದಲ್ಲೇ ಇದ್ದರು. ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜೀವ ಹೋಯಿತು. ಗೆಲುವಿನ ದಾಖಲೆ ಬರೆಯುವವರು ಆ ಸಾವುಗಳನ್ನೂ ಅದೇ ಪುಟದಲ್ಲಿ ಬರೆಯಬೇಕು.

ಮುದುಕರ ತಂಡ ಎಂಬ ತೀರ್ಪಿಗೆ ಕೊನೆಯ ಸಾಕ್ಷಿ 2009ರದು. ಚುನಾವಣೆಯ ಕಾರಣಕ್ಕೆ ಆ ವರ್ಷ ಇಡೀ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ತವರು ಅಂಗಳದ ಪ್ರಶ್ನೆಯೇ ಇಲ್ಲದ ಋತು. ಹೊಸ ನಾಯಕ ಕೆವಿನ್ ಪೀಟರ್ಸನ್ ಆರು ಪಂದ್ಯಗಳ ನಂತರ ಇಂಗ್ಲೆಂಡಿಗೆ ಮರಳಿದರು, ಅಷ್ಟರಲ್ಲಿ ನಾಲ್ಕು ಸೋಲಾಗಿತ್ತು. ನಾಯಕತ್ವ 38 ವರ್ಷದ ಕುಂಬ್ಳೆಗೆ ಬಂತು. ಅಲ್ಲಿಂದ ತಂಡ ಫೈನಲ್‌ವರೆಗೆ ನಡೆಯಿತು. ದಾರಿಯಲ್ಲಿ ಸೆಂಚುರಿಯನ್ ಮೈದಾನದಲ್ಲಿ ನಮ್ಮ ಮನೀಶ್ ಪಾಂಡೆ ಔಟಾಗದೆ 114 ಬಾರಿಸಿ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯರಾದರು. ಮೇ 24ರಂದು ಜೊಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ಎದುರಾಳಿ ಡೆಕ್ಕನ್ ಚಾರ್ಜರ್ಸ್, ಹಿಂದಿನ ವರ್ಷ ಎಂಟನೆಯ ಸ್ಥಾನದಲ್ಲಿದ್ದ ತಂಡ. ಏಳನೆಯದೂ ಎಂಟನೆಯದೂ ಫೈನಲ್‌ನಲ್ಲಿ! ಡೆಕ್ಕನ್ 143, ಬೆಂಗಳೂರು 137. ನಾಲ್ಕು ಓವರಿನಲ್ಲಿ 16 ರನ್ ಕೊಟ್ಟು 4 ವಿಕೆಟ್ ಪಡೆದ ಕುಂಬ್ಳೆಗೆ, ಸೋತ ತಂಡದಲ್ಲಿದ್ದರೂ, ಪಂದ್ಯಶ್ರೇಷ್ಠ ಪ್ರಶಸ್ತಿ ಬಂತು.